ಕೀನ್ಯಾ ಪ್ರವಾಸ: ಸಿಂಹಕ್ಕಿಂತ ಮೊದಲು ಸೂಜಿಯ ಲೆಕ್ಕ

ಪ್ರಶ್ನೆ: ನಾವು ದಾವಣಗೆರೆಯವರು. ಈ ಸಲದ ದಸರಾ ರಜೆಯಲ್ಲಿ ಕೀನ್ಯಾಕ್ಕೆ ಹೋಗಿ ಮಸಾಯಿ ಮಾರಾ ಅಭಯಾರಣ್ಯ ನೋಡಬೇಕೆಂದಿದ್ದೇವೆ. ನಾನು, ಹೆಂಡತಿ, 11 ವರ್ಷದ ಮಗಳು ಮತ್ತು 66 ವರ್ಷದ ಅಮ್ಮ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಾಲ್ವರೂ ಸಸ್ಯಾಹಾರಿಗಳು. ‘ವೀಸಾ ಬೇಡ, ಇಂಜೆಕ್ಷನ್ನೂ ಅಂಥ ಕಡ್ಡಾಯವೇನಲ್ಲ’ ಎನ್ನುತ್ತಾನೆ ಟೂರ್ ಏಜೆಂಟ್. ‘ಆಫ್ರಿಕಾನಾ? ಬೇರೆ ಊರೇ ಸಿಗಲಿಲ್ವಾ?’ ಎನ್ನುತ್ತಾರೆ ನೆಂಟರು. ಯಾರ ಮಾತು ನಂಬೋಣ? ತಯಾರಿ ಎಲ್ಲಿಂದ ಶುರು ಮಾಡೋಣ?

ಉತ್ತರ: ಇಬ್ಬರ ಮಾತನ್ನೂ ಪೂರ್ತಿ ನಂಬಬೇಡಿ. ನೆಂಟರು ಹೆದರಬೇಕಾದ್ದನ್ನು ಬಿಟ್ಟು ಬೇರೆಯದಕ್ಕೆ ಹೆದರುತ್ತಿದ್ದಾರೆ. ಏಜೆಂಟ್ ಹೇಳುತ್ತಿರುವುದು ಅರ್ಧ ನಿಜ, ಅದಂತೂ ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು. ಹದಿನೈದಿಪ್ಪತ್ತು ಸಲ ಕೀನ್ಯಾಕ್ಕೆ ಜನರನ್ನು ಕರೆದುಕೊಂಡು ಹೋಗಿದ್ದೇನೆ. ಸಿಂಹದಿಂದ ಯಾರಿಗೂ ತೊಂದರೆಯಾದದ್ದನ್ನು ಕಂಡಿಲ್ಲ. ತೊಂದರೆಯಾದದ್ದೆಲ್ಲ ಕ್ಯಾಲೆಂಡರಿನಿಂದ, ಸೊಳ್ಳೆಯಿಂದ ಮತ್ತು ಕತ್ತಲಾದ ಮೇಲಿನ ರಸ್ತೆಯಿಂದ. ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲು ಇಂಜೆಕ್ಷನ್. ಹಳದಿ ಜ್ವರದ ಲಸಿಕೆಯನ್ನು ಕೇಳುವುದು ಕೀನ್ಯಾ ಅಲ್ಲ, ನಮ್ಮ ದೇಶ. ಭಾರತದಿಂದ ನೇರ ಹೋಗುವವರನ್ನು ಕೀನ್ಯಾದವರು ಅದಕ್ಕಾಗಿ ತಡೆಯುವುದಿಲ್ಲ. ಏಜೆಂಟ್‌ನ ‘ಕಡ್ಡಾಯವಲ್ಲ’ ಹುಟ್ಟಿದ್ದು ಇಲ್ಲಿಂದ. ಆದರೆ ವಾಪಸು ಬರುವಾಗ ಲಸಿಕೆಯ ಕಾರ್ಡ್, ಅಂದರೆ ಹಳದಿ ಪುಸ್ತಕ, ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು 6 ದಿನದವರೆಗೆ ಪ್ರತ್ಯೇಕ ವಾಸದಲ್ಲಿ ಇಡಬಹುದು, ಇಡುತ್ತಾರೆ ಕೂಡ. ಅವರ ಬಿಗಿಗೆ ಕಾರಣವಿದೆ. ಹಳದಿ ಜ್ವರ ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಡೆಂಗಿ ಹರಡುವುದೂ ಅದೇ. ಆದರೆ ಆ ರೋಗ ಇಲ್ಲಿಗೆ ಇನ್ನೂ ಕಾಲಿಟ್ಟಿಲ್ಲ. ಒಬ್ಬ ರೋಗಿ ಬಂದರೂ ಸಾಕು ಎಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಇಲ್ಲಿ ಜನ ಎಡವುವುದು ಹತ್ತು ದಿನದ ಲೆಕ್ಕದಲ್ಲಿ. ಚುಚ್ಚಿಸಿಕೊಂಡ 10 ದಿನದ ಮೇಲೆಯೇ ಕಾರ್ಡ್ ಊರ್ಜಿತ. ನನ್ನ ಗುಂಪಿನಲ್ಲಿದ್ದ ದಂಪತಿ ಹೊರಡುವ ಹಿಂದಿನ ದಿನ ಲಸಿಕೆ ಹಾಕಿಸಿಕೊಂಡಿದ್ದರು, ಪ್ರವಾಸ ಎಂಟು ದಿನದ್ದು. ಕೈಯಲ್ಲಿ ಹಳದಿ ಪುಸ್ತಕ ಇತ್ತು, ಸಹಿ ಇತ್ತು, ಸೀಲ್ ಇತ್ತು, ದಿನ ಮಾತ್ರ ಕಮ್ಮಿ ಬಿತ್ತು. ನಾವೆಲ್ಲ ಮನೆ ಸೇರಿದೆವು, ಅವರು ಅಲ್ಲೇ ಉಳಿದರು. ಆದ್ದರಿಂದ ಎರಡು ತಿಂಗಳು ಮೊದಲೇ ಹಾಕಿಸಿಕೊಳ್ಳಿ. 2016ರ ಜುಲೈನಿಂದ ಒಂದೇ ಡೋಸ್ ಜೀವನಪರ್ಯಂತ ಸಲ್ಲುತ್ತದೆ, ಬೇಗ ಹಾಕಿಸಿಕೊಂಡರೆ ನಷ್ಟವೇನೂ ಇಲ್ಲ. ಇದು ಊರಿನ ಕ್ಲಿನಿಕ್‌ನಲ್ಲಿ ಸಿಗುವುದಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ, ಅದೂ ಎಷ್ಟೋ ಕಡೆ ವಾರದ ಗೊತ್ತಾದ ದಿನಗಳಂದು. ಮೂಲ ಪಾಸ್‌ಪೋರ್ಟ್ ಒಯ್ಯಿರಿ, ಪುಸ್ತಕದಲ್ಲಿ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ತಾಳೆಯಾಗುತ್ತದೆಯೇ ಅಂತ ಅಲ್ಲೇ ನಿಂತು ನೋಡಿ. ಮಗಳಿಗೆ ಬೇರೆ ಯಾವುದಾದರೂ ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ರೋಗಾಣುವಿನಿಂದ ಮಾಡಿದ್ದು) ಬಾಕಿ ಇದ್ದರೆ ಒಂದೇ ದಿನ ಹಾಕಿಸಬೇಕು, ಇಲ್ಲವಾದರೆ ನಾಲ್ಕು ವಾರ ಬಿಟ್ಟು. ಎರಡು ತಿಂಗಳು ಅಂದದ್ದು ಅದಕ್ಕೂ ಸೇರಿ.

ನಿಮ್ಮ ಅಮ್ಮನ ವಿಷಯ ಬೇರೆ, ಇಲ್ಲಿ ನಿಧಾನಿಸಿ. 60 ದಾಟಿದವರು ಈ ಲಸಿಕೆಯನ್ನು ಮೊದಲ ಸಲ ತೆಗೆದುಕೊಂಡಾಗ ತೀವ್ರ ಅಡ್ಡಪರಿಣಾಮ ಆಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅಪರೂಪವೇ, ಆದರೆ ಆದಾಗ ಸಣ್ಣದಲ್ಲ. ಸಕ್ಕರೆ ಕಾಯಿಲೆಯೊಂದೇ ಅಡ್ಡಿಯಲ್ಲ. ಮೊಟ್ಟೆಯ ಅಲರ್ಜಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ, ಎದೆಯೊಳಗಿನ ಥೈಮಸ್ ಗ್ರಂಥಿಯ ತೊಂದರೆ ಇದ್ದರೆ ಮಾತ್ರ ದೊಡ್ಡ ಪ್ರಶ್ನೆ. ಅವರನ್ನು ವರ್ಷಗಳಿಂದ ನೋಡುತ್ತಿರುವ ಡಾಕ್ಟರ ಬಳಿ ಕೂತು ತೀರ್ಮಾನಿಸಿ. ‘ಬೇಡ’ ಎಂದರೆ ವಿನಾಯಿತಿ ಪತ್ರ ಬರೆದುಕೊಡುತ್ತಾರೆ, ಆದರೆ ಆ ಪತ್ರ ನೋಡಿದ ತಕ್ಷಣ ಇಲ್ಲಿ ಬಾಗಿಲು ತೆರೆಯುತ್ತದೆ ಎಂದುಕೊಳ್ಳಬೇಡಿ. ಇಳಿಯುವ ವಿಮಾನ ನಿಲ್ದಾಣದ ಆರೋಗ್ಯ ಕಚೇರಿಯಿಂದ ಮೊದಲೇ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಉತ್ತರ ತೃಪ್ತಿಯಾಗದಿದ್ದರೆ ನಾನಾಗಿದ್ದರೆ ಅಮ್ಮನನ್ನು ಕೀನ್ಯಾಕ್ಕೆ ಕರೆದೊಯ್ಯುತ್ತಿರಲಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿಗೆ, ಹಳದಿ ಜ್ವರದ ನಾಡುಗಳಾದ ಕೀನ್ಯಾದ ನೈರೋಬಿ ಮತ್ತು ಇಥಿಯೋಪಿಯಾದ ಅಡಿಸ್ ಅಬಾಬಾ ದಾರಿ ಬಿಟ್ಟು, ಎಲ್ಲರೂ ಹೋಗಬಹುದು. ಸಿಂಹ ಅಲ್ಲೂ ಸಿಂಹವೇ.

ವೀಸಾ ಬೇಡ ಎಂಬುದು ನಿಜ. 2024ರ ಜನವರಿಯಿಂದ ಕೀನ್ಯಾ ವೀಸಾ ತೆಗೆದುಹಾಕಿತು. ಅದರ ಜಾಗದಲ್ಲಿ ಇಟಿಎ ಎಂಬ ಎಲೆಕ್ಟ್ರಾನಿಕ್ ಅನುಮತಿ ತಂದಿತು. ಅದಿಲ್ಲದೆ ವಿಮಾನವನ್ನೇ ಹತ್ತಿಸುವುದಿಲ್ಲ. ತಲೆಗೆ ಒಂದರಂತೆ ಮಗಳಿಗೂ ಬೇಕು. ಸುಮಾರು 30 ಡಾಲರ್ ಶುಲ್ಕ. ಪಾಸ್‌ಪೋರ್ಟ್‌ಗೆ 6 ತಿಂಗಳ ಅವಧಿ ಉಳಿದಿರಬೇಕು, ಹೋಟೆಲ್ ಮತ್ತು ವಿಮಾನದ ಬುಕಿಂಗ್ ತೋರಿಸಬೇಕು. ಇದೇ ಹೆಸರಿನ ಮಾರುವೇಷದ ಜಾಲತಾಣಗಳು ಎರಡು ಮೂರು ಪಟ್ಟು ಕಿತ್ತುಕೊಳ್ಳುತ್ತವೆ. ವಿಳಾಸದ ತುದಿಯಲ್ಲಿ ‘ಡಾಟ್ ಜಿಓ ಡಾಟ್ ಕೆಇ’ ಇದ್ದರೆ ಅದು ಸರ್ಕಾರದ್ದು. ಏಜೆಂಟ್ ಮಾಡಿಸಿಕೊಡುತ್ತೇನೆ ಎಂದರೂ ನೀವೇ ಕೂತು ತುಂಬಿ, ಅರ್ಧ ಗಂಟೆಯ ಕೆಲಸ.

ಇನ್ನು ಸೊಳ್ಳೆ. ‘ನಮಗೇನು ಸೊಳ್ಳೆ ಹೊಸದಾ?’ ಎಂದು ನಗುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಸೊಳ್ಳೆ ಹಳೆಯದೇ, ಅದು ಹೊತ್ತು ತರುವ ಮಲೇರಿಯಾ ಬೇರೆ. ಅಲ್ಲಿ ಹೆಚ್ಚಾಗಿ ಇರುವುದು ಫಾಲ್ಸಿಪೆರಮ್, ಮಿದುಳಿಗೆ ಏರುವ ಜಾತಿ. ನಮ್ಮೂರಿನ ಹಿರಿಯರು ನೆನಪಿಟ್ಟಿರುವ ಕ್ಲೋರೋಕ್ವಿನ್ ಅದಕ್ಕೆ ನಾಟುವುದಿಲ್ಲ. ನೈರೋಬಿಯಲ್ಲಿ ಅಪಾಯ ತೀರಾ ಕಡಿಮೆ, ಊರು ಸುಮಾರು 1,800 ಮೀಟರ್ ಎತ್ತರದಲ್ಲಿದೆ, ನಮ್ಮ ಬೆಂಗಳೂರಿನ ಹತ್ತಿರ ಹತ್ತಿರ ಎರಡರಷ್ಟು. ಮಾರಾದಲ್ಲಿ ಮತ್ತು ಕರಾವಳಿಯಲ್ಲಿ ಮಲೇರಿಯಾ ತಡೆಯುವ ಮಾತ್ರೆ ಬೇಕೇ ಬೇಕು. ಡಾಕ್ಟರ್ ಸಾಮಾನ್ಯವಾಗಿ ಎರಡರಲ್ಲಿ ಒಂದು ಬರೆಯುತ್ತಾರೆ. ಡಾಕ್ಸಿಸೈಕ್ಲಿನ್ ಆದರೆ ವಾಪಸು ಬಂದ ಮೇಲೂ ನಾಲ್ಕು ವಾರ ದಿನಾ ನುಂಗಬೇಕು, ಬಿಸಿಲಿಗೆ ಚರ್ಮ ಬೇಗ ಉರಿಯುತ್ತದೆ. ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ವಾಪಸಾದ ಮೇಲೆ ಏಳೇ ದಿನ, ಆದರೆ ದುಬಾರಿ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಮೊದಲೇ ತರಿಸಿಡಿ. ಮಗಳ ತೂಕಕ್ಕೆ ಎಷ್ಟು, ಅಮ್ಮನ ಬೇರೆ ಮಾತ್ರೆಗಳ ಜೊತೆ ಯಾವುದು ಹೊಂದುತ್ತದೆ ಎಂಬುದನ್ನು ಅವರೇ ಹೇಳಬೇಕು. ಮನೆಗೆ ಬಂದ ಕೂಡಲೇ ಮಾತ್ರೆ ನಿಲ್ಲಿಸುವುದೇ ನಮ್ಮವರ ದೊಡ್ಡ ತಪ್ಪು. ಸಂಜೆಯಾದ ಮೇಲೆ ಉದ್ದ ತೋಳು, ಸಾಕ್ಸು, ಸೊಳ್ಳೆ ಓಡಿಸುವ ಡೀಟ್ ಇರುವ ಮುಲಾಮು, ರಾತ್ರಿ ಪರದೆ. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆಗಳನ್ನೂ ಅದೇ ಭೇಟಿಯಲ್ಲಿ ವಿಚಾರಿಸಿ.

ಇನ್ಸುಲಿನ್ ಕ್ಯಾಬಿನ್ ಬ್ಯಾಗಿನಲ್ಲಿಯೇ ಇರಲಿ, ಡಾಕ್ಟರ ಚೀಟಿಯ ಸಮೇತ, ಬೇಕಾದ್ದಕ್ಕಿಂತ ಎರಡರಷ್ಟು, ಎರಡು ಬ್ಯಾಗುಗಳಲ್ಲಿ ಹಂಚಿ. ಕೆಳಗಿನ ಸಾಮಾನು ಕೋಣೆಗೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ಹೊತ್ತಿನ ವ್ಯತ್ಯಾಸ ಎರಡೂವರೆ ಗಂಟೆ ಮಾತ್ರ, ಡೋಸಿನ ಲೆಕ್ಕ ತಲೆಕೆಳಗಾಗುವುದಿಲ್ಲ. ನಿಜವಾದ ತೊಡಕು ಬೆಳಗಿನ ಸಫಾರಿ. ಆರಕ್ಕೆ ಹೊರಟರೆ ತಿಂಡಿ ಒಂಬತ್ತೋ ಹತ್ತೋ, ಎದುರಿಗೆ ಚಿರತೆ ಸಿಕ್ಕಿತೆಂದರೆ ಡ್ರೈವರ್‌ಗೆ ತಿಂಡಿ ನೆನಪಾಗುವುದೂ ಇಲ್ಲ. ಬೆಳಗಿನ ಡೋಸನ್ನು ತಿಂಡಿಯ ಜೊತೆಗೆ ಜೋಡಿಸುವ ಕ್ರಮವನ್ನು ಡಾಕ್ಟರಿಂದ ಬರೆಸಿಕೊಳ್ಳಿ. ಅಮ್ಮನ ಕೈಚೀಲದಲ್ಲಿ ಗ್ಲೂಕೋಸ್, ಬಿಸ್ಕೆಟ್, ಒಂದು ತುಂಡು ಬೆಲ್ಲ ಇರಲಿ. ಕ್ಯಾಂಪುಗಳಲ್ಲಿ ಕರೆಂಟು ಜನರೇಟರ್ ಅಥವಾ ಸೌರಶಕ್ತಿಯದ್ದು, ರಾತ್ರಿಯಿಡೀ ಇರುವ ಭರವಸೆ ಇಲ್ಲ, ಔಷಧಿಯನ್ನು ಅಡುಗೆಮನೆಯ ಫ್ರಿಜ್ಜಿನಲ್ಲಿ ಇಡಲು ಬುಕಿಂಗ್ ವೇಳೆಯೇ ಕೇಳಿಕೊಳ್ಳಿ.

ವಿಮೆ ತೆಗೆದುಕೊಳ್ಳುವಾಗ ಅಮ್ಮನ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟು ಕೊಂಡ ಪಾಲಿಸಿ ಬರೀ ಕಾಗದ. ಕಾಡಿನಿಂದ ನೈರೋಬಿ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯೇ ಅಂತ ನೋಡಿ. 1957ರಲ್ಲಿ ಶುರುವಾದ ಆಮ್ರೆಫ್ ಸಂಸ್ಥೆಯ ‘ಫ್ಲೈಯಿಂಗ್ ಡಾಕ್ಟರ್ಸ್’ ಈ ಕೆಲಸಕ್ಕೇ ಹೆಸರಾದವರು, ಪ್ರವಾಸಿಗರಿಗೂ ಸದಸ್ಯತ್ವ ಕೊಡುತ್ತಾರೆ. ಕೆಲವು ಸಫಾರಿ ಕಂಪನಿಗಳು ಇದನ್ನು ಪ್ಯಾಕೇಜಿನಲ್ಲೇ ಸೇರಿಸಿರುತ್ತವೆ, ಕೇಳಿ. ಅಂದಹಾಗೆ ವಿಮೆಗೆ ಅಲ್ಲಿನ ಭಾಷೆಯಾದ ಸ್ವಾಹಿಲಿಯಲ್ಲಿ ‘ಬೀಮಾ’ ಎನ್ನುತ್ತಾರೆ. ಗಾಡಿಗೆ ‘ಗಾರಿ’, ದುಡ್ಡಿಗೆ ‘ಪೇಸಾ’, ಚಪಾತಿಗೆ ‘ಚಪಾತಿ’. ನಮ್ಮವರ ನಂಟು ಅಲ್ಲಿ ಹಳೆಯದು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಹಳಿ ಹಾಕಲು ಬ್ರಿಟಿಷರು ಮೂವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಒಯ್ದರು, ಸುಮಾರು 2,500 ಮಂದಿ ಅಲ್ಲೇ ಸತ್ತರು. 1898ರಲ್ಲಿ ತ್ಸಾವೋದ ಎರಡು ನರಭಕ್ಷಕ ಸಿಂಹಗಳಿಗೆ ಬಲಿಯಾದವರಲ್ಲೂ ಅವರಿದ್ದರು. ಉಳಿದವರ ಮತ್ತು ಅವರ ಹಿಂದೆ ಬಂದ ವ್ಯಾಪಾರಿಗಳ ಮೊಮ್ಮಕ್ಕಳು ಇಂದೂ ಅಲ್ಲಿದ್ದಾರೆ. 2017ರಲ್ಲಿ ಕೀನ್ಯಾ ಸರ್ಕಾರ ಅವರನ್ನು ದೇಶದ 44ನೇ ಬುಡಕಟ್ಟು ಎಂದು ಗುರುತಿಸಿತು. ನಿಮ್ಮ ಸಸ್ಯಾಹಾರದ ಚಿಂತೆಗೆ ಉತ್ತರವೂ ಇದರಲ್ಲೇ ಇದೆ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಕಡೆ ಗುಜರಾತಿ ಊಟ ಧಾರಾಳ, ಮಾರಾದ ಕ್ಯಾಂಪುಗಳಿಗೂ ‘ವೆಜ್’ ಎಂದರೆ ಅರ್ಥವಾಗುತ್ತದೆ. ಮೊಟ್ಟೆಯೂ ಇಲ್ಲ ಎಂಬುದನ್ನು ಬೇರೆಯಾಗಿ ಹೇಳಿ.

ಮಾರಾಕ್ಕೆ ದಸರಾ ರಜೆ ಒಳ್ಳೆಯ ಆಯ್ಕೆ. ಪಕ್ಕದ ತಾಂಜಾನಿಯಾದ ಸೆರೆಂಗೆಟಿಯಿಂದ ಬರುವ ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್ ಎಂಬ ಹುಲ್ಲೆಗಳು ಜುಲೈನಿಂದ ಅಕ್ಟೋಬರ್‌ವರೆಗೆ ಈ ಕಡೆ ಇರುತ್ತವೆ, ಆಗಸ್ಟಿನ ಪ್ರವಾಸಿಗರ ಜಾತ್ರೆಯೂ ಅಷ್ಟು ಹೊತ್ತಿಗೆ ಕರಗಿರುತ್ತದೆ. ಆದರೆ ದುಡ್ಡಿನ ಲೆಕ್ಕ ತಿಳಿದಿರಲಿ. ಜುಲೈನಿಂದ ಡಿಸೆಂಬರ್‌ವರೆಗೆ ವಿದೇಶಿ ವಯಸ್ಕರಿಗೆ ದಿನಕ್ಕೆ 200 ಡಾಲರ್ ಪ್ರವೇಶ ಶುಲ್ಕ, ನಿಮ್ಮ ಮಗಳ ವಯಸ್ಸಿನವರಿಗೆ 50. ಮೂರು ದಿನಕ್ಕೆ ನಾಲ್ವರಿಗೆ 1,950 ಡಾಲರ್ ಗೇಟಿನಲ್ಲೇ ಹೋಯಿತು. ಜನವರಿಯಿಂದ ಜೂನ್‌ವರೆಗೆ ದೊಡ್ಡವರಿಗೆ ಇದರ ಅರ್ಧ. ಹಾಗಂತ ಬೇಸಿಗೆ ರಜೆಗೆ ಮುಂದೂಡಬೇಡಿ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆ, ಮಾರಾದ ಎಷ್ಟೋ ಕಡೆ ನೆಲ ನಮ್ಮ ಗದಗ, ನವಲಗುಂದದ ಎರೆಮಣ್ಣಿನಂಥದ್ದೇ. ಮಳೆ ಬಿದ್ದ ಎರೆಹೊಲದಲ್ಲಿ ಗಾಡಿ ಹೂತರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ, ಇಲ್ಲಿ ಕೆಳಗಿಳಿದು ತಳ್ಳುವ ಮೊದಲು ಸುತ್ತ ಯಾರಿದ್ದಾರೆ ಅಂತ ನೋಡಬೇಕು, ಅಷ್ಟೇ ವ್ಯತ್ಯಾಸ. ಅಕ್ಟೋಬರ್ ಕೊನೆಯ ಹೊತ್ತಿಗೆ ಚಿಕ್ಕ ಮಳೆಯೂ ಇಣುಕುವುದರಿಂದ ಕಡಿಮೆ ಬೆಲೆಯ ಮಿನಿವ್ಯಾನ್ ಬೇಡ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿರುವ ಲ್ಯಾಂಡ್ ಕ್ರೂಸರ್ ಇರಲಿ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಡಿ. ಕಾಡಿನೊಳಗಿನ ಕುಲುಕಾಟಕ್ಕೆ ಡ್ರೈವರ್‌ಗಳು ನಗುತ್ತಾ ‘ಆಫ್ರಿಕನ್ ಮಸಾಜ್’ ಎನ್ನುತ್ತಾರೆ. 66ರ ಸೊಂಟಕ್ಕೆ ಅದು ತಮಾಷೆಯಲ್ಲ.

ಏಜೆಂಟ್ ಕೊಟ್ಟ ರೇಟಿನಲ್ಲಿ ಮಾರಾದ ಈ ಪ್ರವೇಶ ಶುಲ್ಕ ಸೇರಿದೆಯೇ? ಟಿಕೆಟ್ 12 ಗಂಟೆಯದ್ದು, ಬೆಳಗ್ಗೆ 6ರಿಂದ ಸಂಜೆ 6ರವರೆಗೆ. ಅಭಯಾರಣ್ಯದ ಒಳಗೇ ತಂಗಿದವರು ಕೊನೆಯ ದಿನ 10 ಗಂಟೆಯೊಳಗೆ ಹೊರಬೀಳದಿದ್ದರೆ ಇನ್ನೊಂದು ದಿನದ ದುಡ್ಡು ತೆರಬೇಕು. ಇದು ಗೊತ್ತಿಲ್ಲದ ಏಜೆಂಟ್‌ನ ಪ್ಯಾಕೇಜು ಅಲ್ಲಿ ಜಗಳಕ್ಕೆ ತಿರುಗುತ್ತದೆ. ದಾವಣಗೆರೆಯ ಏಜೆಂಟ್ ಯಾರಿಗೆ ಕೆಲಸ ಒಪ್ಪಿಸುತ್ತಿದ್ದಾನೆ ಎಂಬುದನ್ನು ಕೇಳಿ, ಆ ನೈರೋಬಿ ಕಂಪನಿ ‘ಕಾಟೊ’ ಎಂಬ ಕೀನ್ಯಾ ಟೂರ್ ಆಪರೇಟರ್‌ಗಳ ಸಂಘದ ಸದಸ್ಯರೇ ಅಂತ ಆ ಸಂಘದ ಪಟ್ಟಿಯಲ್ಲೇ ನೋಡಿ. ಹೆಸರು ಹೇಳಲು ತಡವರಿಸಿದರೆ ಏಜೆಂಟನ್ನೇ ಬದಲಿಸಿ.

ಈಗ ರಸ್ತೆ. ಸಮಭಾಜಕ ವೃತ್ತ ಹಾದುಹೋಗುವ ನಾಡು, ವರ್ಷವಿಡೀ ಆರೂವರೆ ಸುಮಾರಿಗೆ ಸೂರ್ಯ ಮುಳುಗಿ ಏಳಕ್ಕೆಲ್ಲ ಕಗ್ಗತ್ತಲು. ನೈರೋಬಿಯಿಂದ ನಾರೋಕ್ ಮೂಲಕ ಮಾರಾಕ್ಕೆ ಐದಾರು ಗಂಟೆಯ ದಾರಿ. ರಿಫ್ಟ್ ಕಣಿವೆಗೆ ಇಳಿಯುವ ಘಟ್ಟದಲ್ಲಿ ಸರಕಿನ ಲಾರಿಗಳ ಸಾಲು, ಲೈಟಿಲ್ಲದ ಗಾಡಿಗಳು, ದನಗಳು. ಕೀನ್ಯಾದಲ್ಲಿ ಪ್ರವಾಸಿಗರಿಗೆ ನಿಜವಾದ ಅಪಾಯ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ‘ಸಂಜೆ ಆರರ ನಂತರ ಹೆದ್ದಾರಿಯಲ್ಲಿ ಪ್ರಯಾಣವಿಲ್ಲ’ ಎಂದು ಏಜೆಂಟ್‌ನಿಂದ ಬರೆಸಿಕೊಳ್ಳಿ. ರಾತ್ರಿ ಇಳಿಯುವ ವಿಮಾನವಾದರೆ ಆ ರಾತ್ರಿ ನೈರೋಬಿಯಲ್ಲೇ ಮಲಗಿ. ನಿಮ್ಮ ಗುಂಪಿಗೆ ನಾನು ಹಾಕುವ ನಕ್ಷೆ ಹೀಗೆ: ನೈರೋಬಿ ಒಂದು ರಾತ್ರಿ, ನೈವಾಶಾ ಸರೋವರದ ದಡದಲ್ಲಿ ಎರಡು, ಮಾರಾದಲ್ಲಿ ಮೂರು, ಅಲ್ಲಿಂದ ನೈರೋಬಿಯ ವಿಲ್ಸನ್ ನಿಲ್ದಾಣಕ್ಕೆ ಸಣ್ಣ ವಿಮಾನ. ಮುಕ್ಕಾಲು ಗಂಟೆ ಸಾಕು. ಸಾಮಾನು ತಲೆಗೆ 15 ಕಿಲೋ, ಗಟ್ಟಿ ಸೂಟ್‌ಕೇಸ್ ಅಲ್ಲ, ಮೆತ್ತನೆಯ ಬ್ಯಾಗು. ಆ ಟಿಕೆಟಿಗೆ ದುಡ್ಡು ಹೊಂದಿಸಲು ಬೇರೆ ಯಾವುದನ್ನಾದರೂ ಬಿಡಿ. ಏಜೆಂಟ್ ಏಳು ದಿನದಲ್ಲಿ ಐದು ಉದ್ಯಾನ ತೋರಿಸುತ್ತೇನೆ ಎಂದರೆ ನೀವು ನೋಡುವುದು ರಸ್ತೆಯನ್ನೇ.

ಡ್ರೈವರ್ ಜೊತೆ ಹೊತ್ತು ಗೊತ್ತುಮಾಡುವಾಗ ಎಚ್ಚರ. ಸ್ವಾಹಿಲಿಯಲ್ಲಿ ಹೊತ್ತನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ನಮ್ಮ ಹಿಂದಿನವರ ಗಳಿಗೆ ಲೆಕ್ಕದ ಹಾಗೆ. ‘ಸಾ ಮೋಜಾ’ ಅಂದರೆ ಒಂದು ಗಂಟೆ, ಅರ್ಥ ಬೆಳಗಿನ ಏಳು. ಇಂಗ್ಲಿಷಿನಲ್ಲಿ ಹೇಳಿ, ಬೆರಳಿನಿಂದ ಗಡಿಯಾರವನ್ನೂ ತೋರಿಸಿ.

ನೈರೋಬಿಯನ್ನು ಬೈದು ‘ನೈರಾಬರಿ’ ಎನ್ನುವವರಿದ್ದಾರೆ. ದೊಡ್ಡ ಊರಿನ ಎಚ್ಚರ ಅಲ್ಲೂ ಸಾಕು, ಸ್ವಲ್ಪ ಹೆಚ್ಚೇ ಇರಲಿ. ಕತ್ತಲಾದ ಮೇಲೆ ನಡೆದು ತಿರುಗಬೇಡಿ, ಊಬರ್, ಬೋಲ್ಟ್ ಇವೆ. ಟ್ರಾಫಿಕ್‌ನಲ್ಲಿ ಕಾರಿನ ಗಾಜು ಏರಿಸಿರಲಿ. ಸಿಗ್ನಲ್‌ನಲ್ಲಿ ಗಾಜು ಇಳಿಸಿಕೊಂಡು ಹೆಂಡತಿಗೆ ವಿಡಿಯೋ ಕಾಲ್ ಮಾಡುತ್ತಿದ್ದವನ ಕೈಯಿಂದ ಫೋನು ಹಾರಿಹೋಯಿತು, ಆ ಬುದ್ಧಿವಂತ ನಾನೇ. ಚಿನ್ನದ ಸರ, ಬಳೆ ಮನೆಯಲ್ಲಿರಲಿ, ಅಮ್ಮನ ಮಾಂಗಲ್ಯ ಬಟ್ಟೆಯ ಒಳಗೆ. ಸೊಮಾಲಿಯಾ ಗಡಿಯ ಮಂಡೇರಾ, ವಾಜಿರ್, ಗರಿಸ್ಸಾ ಜಿಲ್ಲೆಗಳು ಅಪಾಯದವೇ, ಆದರೆ ಅವು ನಿಮ್ಮ ದಾರಿಯಲ್ಲಿಲ್ಲ. 2024ರ ಜೂನ್ 25ರಂದು ತೆರಿಗೆ ಮಸೂದೆ ವಿರುದ್ಧ ಯುವಕರು ಸಂಸತ್ತಿಗೆ ನುಗ್ಗಿದಾಗಿನಿಂದ ಪೇಟೆಯ ನಡುಭಾಗದಲ್ಲಿ ಆಗಾಗ ಪ್ರತಿಭಟನೆ ನಡೆದಿದೆ. ಅಂಥ ದಿನ ಹೋಟೆಲಿನಲ್ಲೇ ಇರಿ, ವಿಮಾನಕ್ಕೆ ತುಂಬಾ ಮೊದಲೇ ಹೊರಡಿ. ಭಾರತದ ಹೈಕಮಿಷನ್ ನೈರೋಬಿಯಲ್ಲಿದೆ, ಅದರ ತುರ್ತು ನಂಬರನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಪೊಲೀಸರಿಗೆ 999 ಅಥವಾ 112.

ದುಡ್ಡಿಗೆ ಕಾರ್ಡು ಇರಲಿ, ಜೊತೆಗೆ ಹೊಸ, ಮಡಿಕೆಯಿಲ್ಲದ ಡಾಲರ್ ನೋಟು, ಹಳೆಯ ಮುದ್ರಣದ್ದನ್ನು ಅವರು ಮುಟ್ಟುವುದಿಲ್ಲ. ಅಲ್ಲಿ ಹಣ್ಣಿನ ಗಾಡಿಯವನೂ ಫೋನಿನಲ್ಲೇ ದುಡ್ಡು ಪಡೆಯುವುದು. ನಮ್ಮ ಯುಪಿಐಗೂ ಒಂಬತ್ತು ವರ್ಷ ಮೊದಲು, 2007ರಲ್ಲೇ ಎಂ-ಪೇಸಾ ಅಲ್ಲಿ ಶುರುವಾಗಿತ್ತು. ಪಾಸ್‌ಪೋರ್ಟ್ ತೋರಿಸಿ ಸಫಾರಿಕಾಮ್ ಸಿಮ್ ಕೊಂಡರೆ ನಿಮಗೂ ಸಿಗುತ್ತದೆ.

ಪ್ಯಾಕಿಂಗ್‌ನಲ್ಲಿ ಒಂದೇ ಒಂದು ವಿಷಯಕ್ಕೆ ತಲೆ ಕೆಡಿಸಿಕೊಳ್ಳಿ, ಪ್ಲಾಸ್ಟಿಕ್. 2017ರ ಆಗಸ್ಟಿನಿಂದ ಪ್ಲಾಸ್ಟಿಕ್ ಕೈಚೀಲ ಅಲ್ಲಿ ನಿಷೇಧ, ದಂಡ ಭಾರಿ. ಚಟ್ನಿಪುಡಿ, ಅವಲಕ್ಕಿ, ಚಕ್ಕುಲಿಯನ್ನು ಅಂಗಡಿಯ ಕವರಿನಲ್ಲಿ ಗಂಟು ಕಟ್ಟಿ ಸೂಟ್‌ಕೇಸಿನ ಮೂಲೆಗೆ ತುರುಕುವುದು ನಮ್ಮ ರೂಢಿ. ಈ ಸಲ ಸ್ಟೀಲ್ ಡಬ್ಬಿ, ಬಟ್ಟೆ ಚೀಲ. 2020ರ ಜೂನ್‌ನಿಂದ ಸಂರಕ್ಷಿತ ಕಾಡುಗಳೊಳಗೆ ಬಿಸಾಡುವ ನೀರಿನ ಬಾಟಲಿಯೂ ಇಲ್ಲ, ಸ್ಟೀಲ್ ಬಾಟಲಿ ಒಯ್ಯಿರಿ. ಡ್ರೋನ್ ಮನೆಯಲ್ಲೇ ಬಿಡಿ. ಸ್ವೆಟರ್ ಮರೆಯಬೇಡಿ. ಛಾವಣಿ ತೆರೆದ ಗಾಡಿಯಲ್ಲಿ ಬೆಳಗಿನ ಆರಕ್ಕೆ ಆಫ್ರಿಕಾ ಕೊಡಗಿನಂತೆ ಚಳಿ.

ಕಾಡಿನಲ್ಲಿ ಎರಡೇ ನಿಯಮ. ಮೊದಲನೆಯದು, ಡ್ರೈವರ್ ಹೇಳದೆ ಗಾಡಿಯಿಂದ ಇಳಿಯಬಾರದು, ಮಗಳು ಛಾವಣಿಯ ಮೇಲೆ ಕೂರಬಾರದು. ಎರಡನೆಯದು, ಮಾರಾದ ಹಲವು ಕ್ಯಾಂಪುಗಳಿಗೆ ಬೇಲಿಯಿಲ್ಲ, ರಾತ್ರಿ ನೀರಾನೆ ಹುಲ್ಲು ಮೇಯಲು ಡೇರೆಗಳ ನಡುವೆಯೇ ಬರುತ್ತದೆ. ಊಟದ ಮನೆಗೆ ಹೋಗಬೇಕಾದರೆ ಟಾರ್ಚು ಬೀಸಿ ‘ಅಸ್ಕಾರಿ’ಯನ್ನು, ಅಂದರೆ ಕಾವಲುಗಾರನನ್ನು ಕರೆಯಿರಿ. ನಿಮ್ಮ ಅಮ್ಮನನ್ನು ಅವರು ‘ಮಾಮಾ’ ಎಂದು ಕರೆದಾರು, ಗಾಬರಿಯಾಗಬೇಡಿ, ಅಮ್ಮ ಎಂದೇ ಅರ್ಥ. ಹಿರಿಯರನ್ನು ಕಂಡರೆ ‘ಶಿಕಾಮೂ’ ಎಂದು ನಮಸ್ಕರಿಸುವ ರೂಢಿ ಸ್ವಾಹಿಲಿಯಲ್ಲಿದೆ. ‘ಮರಹಾಬಾ’ ಎಂದು ಅಮ್ಮ ಉತ್ತರ ಕೊಟ್ಟರೆ ಆ ಕ್ಯಾಂಪಿನಲ್ಲಿ ಚಹಾಕ್ಕೆ ಬರವಿರುವುದಿಲ್ಲ, ಸಕ್ಕರೆ ಇಲ್ಲದ್ದನ್ನು ಕೇಳಿಸಿಕೊಳ್ಳಿ.

ಊರಿಗೆ ಬಂದ ಮೇಲಿನ ಒಂದು ಮಾತು. ಮಾರಾಕ್ಕೆ ಕಾಲಿಟ್ಟ ಏಳನೇ ದಿನದಿಂದ ಮೂರು ತಿಂಗಳವರೆಗೆ ನಾಲ್ವರಲ್ಲಿ ಯಾರಿಗೆ ಜ್ವರ ಬಂದರೂ, ಮಾತ್ರೆ ತಪ್ಪದೆ ನುಂಗಿದ್ದರೂ, ಅದೇ ದಿನ ಮಲೇರಿಯಾದ ರಕ್ತಪರೀಕ್ಷೆ ಮಾಡಿಸಿ. ಮಳೆಗಾಲದ ವೈರಲ್ ಜ್ವರ ಎಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಲು ಡಾಕ್ಟರಿಗೆ ಬಿಡಬೇಡಿ. ಒಳಗೆ ಹೋದ ಕೂಡಲೇ, ಅವರು ಕೇಳುವ ಮೊದಲೇ, ‘ನಾವು ಕೀನ್ಯಾಕ್ಕೆ ಹೋಗಿ ಬಂದಿದ್ದೇವೆ’ ಎಂದು ಹೇಳಿ.